ಗಾಡಿ ನಿಮ್ದೇ ಅನ್ನೋದಕ್ಕ ಏನ್ ಪುರಾವೆ?

ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಕಳೆದವನ ಕೈಗೆ ಒಂದು ಚಟ ಅಂಟಿರುತ್ತದೆ. ಗಾಡಿಯಿಂದ ಇಳಿದ ಕೂಡಲೇ ಕೀಲಿ ಹಾಕುವುದು. ತಲೆ ಏನನ್ನಾದರೂ ಯೋಚಿಸುತ್ತಿರಲಿ, ಕೈ ತನ್ನ ಕೆಲಸ ಮುಗಿಸಿರುತ್ತದೆ. (ನಮ್ಮ ಕಡೆ ಬೀಗಕ್ಕ ಕೀಲಿ ಅಂತೀವಿ, ಅದನ್ನು ತೆಗೆಯೋದಕ್ಕ ಚಾವಿ. ದಕ್ಷಿಣದ ಓದುಗರು ಹೊಂದಿಸಿಕೊಳ್ಳಬೇಕು.) ಹೋದ ಬ್ಯಾಸಗಿಯಲ್ಲಿ ಸರಸಂಬಾದ ನಮ್ಮ ಮನೆ ಮುಂದೆ ನನ್ನ ಕೈ ಈ ಕೆಲಸವನ್ನೇ ಮಾಡಿತು.

ನನ್ನದು ಹಳೇ ಗಾಡಿ. ಡ್ರೈವರ್ ಕಡೆಯ ಬಾಗಿಲಿಗೆ ಒಳಗಿನ ಗುಂಡಿ ಒತ್ತಿ ಸುಮ್ಮನೆ ಮುಚ್ಚಿದರೆ ಕೀಲಿ ಬೀಳುವುದಿಲ್ಲ, ಗುಂಡಿ ಮತ್ತೆ ಮೇಲೇಳುತ್ತದೆ. ಮರೆಗುಳಿಗಳು ಚಾವಿ ಒಳಗೆ ಬಿಟ್ಟು ಬರಬಾರದು ಅಂತ ಮಾಡಿಟ್ಟ ವ್ಯವಸ್ಥೆ ಅದು. ಹೊರಗಿನ ಹಿಡಿ ಎತ್ತಿ ಹಿಡಿದು ಬಾಗಿಲು ಹಾಕಿದರೆ ಮಾತ್ರ ಕೀಲಿ. ಅಂದರೆ ಮರೆತು ಬೀಳುವ ಕೀಲಿ ಅಲ್ಲ, ಬೇಕಂತ ಹಾಕಬೇಕು. ನಾನು ಹಿಡಿ ಎತ್ತಿ, ಬಾಗಿಲು ದೂಡಿ, ಸರಿಯಾಗಿಯೇ ಹಾಕಿದೆ. ಚಾವಿ ಸೀಟಿನ ಮೇಲಿತ್ತು. ಅದರ ಬಾಜೂಕ ಫೋನು. ಹಿಂದಿನ ಸೀಟಿನ ಮೇಲೆ ಅವ್ವನ ಇನ್ಸುಲಿನ್ ಇಟ್ಟ ಐಸಿನ ಥರ್ಮಾಸು ಮತ್ತು ಮಾಳಗಿ ರಿಪೇರಿಗಂತ ತಂದ ರೊಕ್ಕದ ಚೀಲ.

ಮಧ್ಯಾಹ್ನ ಎರಡು ಗಂಟೆ. ಆಳಂದ ತಾಲೂಕಿನ ಮೇ ತಿಂಗಳ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲಿಗೆ ನಿಂತ ಗಾಡಿಯ ಒಳಗೆ ಒಂದು ತಾಸಿನೊಳಗೆ ಹೊರಗಿಗಿಂತ 20 ಡಿಗ್ರಿ ಹೆಚ್ಚು ಶಾಖ ಕೂಡುತ್ತದೆ. ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಐಸು ಎಷ್ಟು ಹೊತ್ತು ತಡೆದೀತು? ಅವ್ವನಿಗೆ ಸಂಜೆಯ ಡೋಸು ಬೇಕು.

ಹತ್ತು ನಿಮಿಷದಲ್ಲಿ ಇಪ್ಪತ್ತು ಮಂದಿ ಸೇರಿದರು. ಕಾಕಾ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಕೇಳಿದ: "ಏ ತಮ್ಮಾ, ಇಲ್ಲಿ ಯಾರ್ ಒಯ್ತಾರಂತ ಕೀಲಿ ಹಾಕಿದ್ಯೋ?"

ನನ್ನ ಬಳಿ ಉತ್ತರ ಇರಲಿಲ್ಲ.

ಒಬ್ಬರು ಗಾಜು ಒಡೀರಿ ಅಂದರು. ಇನ್ನೊಬ್ಬರು ಎರಡನೇ ಚಾವಿ ಎಲ್ಲದ ಅಂತ ಕೇಳಿದರು. ಅದು ಬೆಂಗಳೂರಿನ ಮನೆಯ ಕಪಾಟಿನಲ್ಲಿ, ಆರುನೂರು ಕಿಲೋಮೀಟರ್ ದೂರ. ಕಡೆಗೆ ಯಾರದೋ ಫೋನು ಇಸಕೊಂಡು ಪ್ಯಾಟಿಯ ಒಬ್ಬ ಕೀಲಿ ರಿಪೇರಿಯವನಿಗೆ ಹಚ್ಚಿದೆ.

"ಬರ್ತೀನ್ರಿ," ಅಂದ ಆತ. "ಖರೆ ಗಾಡಿ ನಿಮ್ದೇ ಅನ್ನೋದಕ್ಕ ಏನ್ ಪುರಾವೆ? ಆರ್‌ಸಿ ತಯಾರ್ ಇಟ್ಗೊಳ್ರಿ."

"ಆರ್‌ಸಿ ಗಾಡಿ ಒಳಗೇ ಅದ."

"ಲೈಸೆನ್ಸು?"

"ಚೀಲದಾಗ. ಚೀಲ ಗಾಡಿಯೊಳಗ."

"ಮೊಬೈಲಿನ್ಯಾಗ ಡಿಜಿಲಾಕರ್ ಇರಬೇಕಲ್ರಿ?"

"ಮೊಬೈಲೂ ಒಳಗ."

ನಿಂತ ಮಂದಿ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ನಾನು ಹುಟ್ಟಿದ ಊರಿನಲ್ಲಿ, ನನ್ನ ಅಪ್ಪ ಕಟ್ಟಿಸಿದ ಮನೆಯ ಮುಂದೆ ನಿಂತು, ನನ್ನ ಗಾಡಿ ನನ್ನದು ಅಂತ ಸಾಬೀತು ಮಾಡಬೇಕೇ? ಕಾಕಾ ಫೋನು ಕಸಿದುಕೊಂಡು ಅಜ್ಜನ ಹೆಸರಿನಿಂದ ಶುರು ಮಾಡಿ ನಮ್ಮ ವಂಶಾವಳಿಯನ್ನೇ ಹೇಳಿದ. ಆತ ಎಲ್ಲ ಕೇಳಿ, "ಆತು, ಎರಡ್ ತಾಸಿಗಿ ಬರ್ತೀನಿ, ಊರವರು ಇಬ್ಬರು ಸಾಕ್ಷಿಗಿ ನಿಂದ್ರಬೇಕು," ಅಂದ.

ಎರಡು ತಾಸು. ಅವ್ವ ಹೊಸ್ತಿಲ ಮೇಲೆ ಕುಂತು ಥರ್ಮಾಸಿನ ಕಡೆ ನೋಡುತ್ತಿದ್ದಳು.

ಆಗ ಹಿಂದಿನಿಂದ ಒಬ್ಬ ಹುಡುಗ ಮುಂದೆ ಬಂದ. ಇಪ್ಪತ್ತು, ಇಪ್ಪತ್ತೆರಡು ವಯಸ್ಸು. "ಅಣ್ಣಾ, ಸ್ವಲ್ಪ ಸರೀರಿ, ನಾ ನೋಡ್ತೀನಿ," ಅಂದ. ಓಡಿಹೋಗಿ ಹೊಸ ಫ್ರಿಜ್ಜಿನ ಪೆಟ್ಟಿಗೆಗೆ ಬಿಗಿದು ಬರುತ್ತದಲ್ಲ, ಆ ಪ್ಲಾಸ್ಟಿಕ್ ಪಟ್ಟಿ ತಂದ. ಕಟ್ಟಿಗೆಯದೊಂದು ಸಣ್ಣ ಬೆಣೆಗೆ ಅರಿವೆ ಸುತ್ತಿ ಬಾಗಿಲಿನ ಮೇಲಿನ ಸಂದಿಗೆ ನಿಧಾನ ತೂರಿಸಿದ, ಬಣ್ಣಕ್ಕೆ ಗೀರು ಬೀಳದ ಹಾಗೆ. ಪಟ್ಟಿಯನ್ನು ಎರಡಾಗಿ ಮಡಚಿ ಸಂದಿಯೊಳಗೆ ಇಳಿಸಿದ. ಒಳಗೆ ಅದು ಸಣ್ಣ ಕುಣಿಕೆಯಾಗಿ ಅಗಲವಾಯಿತು. ಗುಂಡಿಯ ಕುತ್ತಿಗೆಗೆ ಹಾಕಿ, ಬಿಗಿದು, ಮೇಲೆ ಜಗ್ಗಿದ. ಟಕ್.

ಎರಡು ನಿಮಿಷ ಹಿಡಿಯಿತೋ ಇಲ್ಲವೋ. ಹುಡುಗರು ಸಿಳ್ಳೆ ಹೊಡೆದರು. ಅವ್ವ ಥರ್ಮಾಸು ಎತ್ತಿಕೊಂಡು ಮುಚ್ಚಳ ತೆಗೆದು ನೋಡಿದಳು, ಐಸು ಇನ್ನೂ ಇತ್ತು. "ನಿನ್ನ ಹೊಟ್ಟಿ ತಣ್ಣಗಿರ್ಲಿ ನನ್ನಪ್ಪಾ," ಅಂದಳು ಅವನಿಗೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ.

ನಾನು ಮಾಡಿದ್ದು ಎರಡು ಕೆಲಸ. ಒಂದು, "ಎಲ್ಲಿ ಕಲ್ತಿ ಇದನ್ನ?" ಅಂತ ಕೇಳಿದೆ. ಮಾತಿನಲ್ಲಿ ತಪ್ಪಿಲ್ಲ, ದನಿಯಲ್ಲಿತ್ತು. ಎರಡು, ಚೀಲ ಹೊರಗೆ ತೆಗೆದು, ಅಲ್ಲೇ ನಿಂತು, ರೊಕ್ಕ ಎಣಿಸಿದೆ. ಅರವತ್ತು ಸಾವಿರ. ಬಾಗಿಲು ತೆರೆದದ್ದು ಇಪ್ಪತ್ತು ಜನರ ಕಣ್ಣೆದುರು, ಅವನು ಒಳಗೆ ಕೈ ಕೂಡ ಹಾಕಿರಲಿಲ್ಲ. ಆದರೂ ನನ್ನ ಬೆರಳು ನೋಟುಗಳ ಮೇಲೆ ಓಡುತ್ತಿದ್ದವು. ಕೀಲಿ ಹಾಕಿದ ಅದೇ ಕೈ.

ಹುಡುಗ ಪಟ್ಟಿ ಸುತ್ತಿಕೊಳ್ಳುತ್ತ ನೋಡುತ್ತಿದ್ದ. "ಪುಣೆದಾಗ ಗ್ಯಾರೇಜಿನ್ಯಾಗ ಇದ್ದೆರಿ, ಮೂರು ವರ್ಷ," ಅಂದ. ಆಮೇಲೆ, "ನೋಡ್ಕೊಳ್ರಿ ಸರ್, ಬರೋಬ್ಬರಿ ಅದ ಇಲ್ಲಂತ." ಎರಡು ನಿಮಿಷದ ಹಿಂದೆ ಅಣ್ಣ ಆಗಿದ್ದವನು ಸರ್ ಆಗಿದ್ದೆ. ಐನೂರರ ನೋಟು ಕೊಡಹೋದೆ, ತಗೊಳ್ಳಲಿಲ್ಲ. ಅವ್ವ ಚಾ ಕುಡಿದು ಹೋಗು ಅಂದಳು, ಕೆಲಸ ಅದ ಎವ್ವಾ ಅಂತ ಹೊರಟ.

ಅವನು ಹೋದ ಮೇಲೆ ಗುಡಿಕಟ್ಟೆಯ ಹಿರಿಯರೊಬ್ಬರು ನನಗೆ ಸಮಾಧಾನ ಹೇಳುವವರಂತೆ ಅಂದರು: "ಎಣಿಸಿದ್ದು ಛಲೋ ಆತು ಬಿಡ್ರಿ. ಆ ಮನಿತನದವ್ರ ಕೈನೇ ಹಂತಾದ್ದು." ಯಾವ ಮನೆತನ, ಏನು ಕಥೆ ಅಂತ ನಾನು ಕೇಳಲಿಲ್ಲ. ಆದರೆ ನನ್ನ ಪರವಾಗಿ ಬಂದ ಆ ಮಾತು ಕೇಳಿದಾಗಲೇ ನಾನು ಏನು ಮಾಡಿದೆ ಅನ್ನುವುದು ನನಗೆ ಗೊತ್ತಾಯಿತು.

ಅಂದಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಕೀಲಿ ತೆಗೆಯಲು ಬರುವವನನ್ನು ಕಂಡರೆ ನಮಗೆ ಯಾಕೆ ಭಯ? ವೈದ್ಯನಿಗೆ ಯಾವ ಔಷಧ ಎಷ್ಟಾದರೆ ವಿಷ ಅನ್ನುವುದು ಗೊತ್ತು, ಅವನ ಮುಂದೆ ಬಾಯಿ ತೆರೆಯುತ್ತೇವೆ. ಕ್ಷೌರಿಕನ ಕತ್ತಿಗೆ ಕುತ್ತಿಗೆ ಕೊಟ್ಟು ಕಣ್ಣು ಮುಚ್ಚುತ್ತೇವೆ. ನಮ್ಮ ಬಂಗಾರ ಅಕ್ಕಸಾಲಿಗನ ಕುಲುಮೆಯಲ್ಲಿ ಕರಗುತ್ತದೆ. ಯಾರಿಗೂ "ಎಲ್ಲಿ ಕಲ್ತಿ?" ಅಂತ ಆ ದನಿಯಲ್ಲಿ ಕೇಳುವುದಿಲ್ಲ.

ಈ ಭಯ ಹಳೆಯದು. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅನ್ನುವ ಕೀಲಿಗಾರ ಅಲ್ಲಿಗೆ ಹೋದ. ಬ್ರಾಮಾ ಕಂಪನಿಯವರು ತಮ್ಮ ಅಂಗಡಿಯ ಕಿಟಕಿಯಲ್ಲಿ ಒಂದು ಕೀಲಿ ಇಟ್ಟು, ಚಾವಿ ಇಲ್ಲದೆ ತೆಗೆದವರಿಗೆ 200 ಗಿನಿ ಅಂತ ಸವಾಲು ಹಾಕಿದ್ದರು. ಅರವತ್ತು ವರ್ಷ ಯಾರಿಂದಲೂ ಆಗಿರಲಿಲ್ಲ. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ತಾಸು ಕುಂತು ಅದನ್ನು ತೆಗೆದ. ಅದಕ್ಕೂ ಮೊದಲು ಚಬ್ ಅನ್ನುವ ಇನ್ನೊಂದು ಹೆಸರುವಾಸಿ ಕೀಲಿಯನ್ನು ಅರ್ಧ ತಾಸಿನೊಳಗೆ ತೆಗೆದು ತೋರಿಸಿದ್ದ. ಇಂಥ ಗುಟ್ಟು ಬಯಲಾದರೆ ಕಳ್ಳರಿಗೆ ಪಾಠ ಹೇಳಿದಂತಾಗುತ್ತದೆ ಅಂತ ಕೆಲವರು ಗಾಬರಿಯಾದರು. ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದವರು ಕೀಲಿ ಕೊಳ್ಳುವ ಮಂದಿ ಮಾತ್ರ ಅನ್ನುವುದು ಹಾಬ್ಸ್ ಕಡೆಯವರ ಉತ್ತರ. ಆ ಉತ್ತರದಲ್ಲಿ ಹುರುಳಿದೆ. ಸರಸಂಬಾದ ಹುಡುಗ ನನಗೆ ತೋರಿಸಿದ್ದೂ ಅದನ್ನೇ: ಅಷ್ಟು ವರ್ಷ ನಾನು ನಂಬಿಕೊಂಡಿದ್ದ ಕೀಲಿ ಒಂದು ಪ್ಲಾಸ್ಟಿಕ್ ಪಟ್ಟಿಯ ದೂರದಲ್ಲಿತ್ತು. ಗಾಡಿಯನ್ನು ಕಾಯ್ದದ್ದು ಕೀಲಿಗಿಂತ ಹೆಚ್ಚಾಗಿ ಸುತ್ತಲಿನ ಜನರ ಒಳ್ಳೆಯತನ.

ಆದರೆ ಹಾಬ್ಸ್ ಲಂಡನ್ನಿನಲ್ಲಿ ಹೆಸರು ಗಳಿಸಿದ, ನಮ್ಮ ಹುಡುಗ ಅನುಮಾನ ಗಳಿಸಿದ. ಇಬ್ಬರ ವಿದ್ಯೆ ಒಂದೇ. ಹಿಂದೆ ನಿಂತ ಹೆಸರು ಬೇರೆ. ಗುಡಿಕಟ್ಟೆಯ ಹಿರಿಯರ ಮಾತು ಕೆಲವೊಮ್ಮೆ ಸರ್ಕಾರದ ಕಾಯ್ದೆಯೇ ಆಗಿಬಿಡುತ್ತದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕದ್ದನೋ ಇಲ್ಲವೋ ಅನ್ನುವುದು ಅಲ್ಲಿ ಪ್ರಶ್ನೆಯಲ್ಲ, ಯಾರ ಮನೆಯಲ್ಲಿ ಹುಟ್ಟಿದ ಅನ್ನುವುದು ಪ್ರಶ್ನೆ. ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಹೊರಗೆ ಹೋಗಲು ಪರವಾನಗಿ ಬೇಕು. ನಮ್ಮ ಮಂದಿ ಇವತ್ತಿಗೂ ಸಂತೆ, ದವಾಖಾನೆಗೆ ಹೋಗುವ ಸೊಲ್ಲಾಪುರದಲ್ಲಿ ಅಂಥವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟ್ ಇತ್ತು. ಹುಬ್ಬಳ್ಳಿಯಲ್ಲೂ ಇತ್ತು, ಆ ಜಾಗಕ್ಕೆ ಇನ್ನೂ ಅದೇ ಹೆಸರು. 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯಿತು. ಕಾಯ್ದೆಯೊಳಗಿದ್ದ ಮಾತು ಕಟ್ಟೆಯ ಮೇಲೆ ಉಳಿದಿದೆ. ನನ್ನ ಬೆರಳುಗಳಲ್ಲೂ.

ಹಾಗಾದರೆ ರೊಕ್ಕ ಎಣಿಸುವುದು ತಪ್ಪೇ? ಕೀಲಿ ಹಾಕುವುದು ಪಾಪವೇ? ಗೆಳೆಯನೊಬ್ಬ ನನ್ನ ಜೊತೆ ಹೀಗೇ ವಾದಿಸಿದ. "ನಿನ್ನ ರೊಕ್ಕ ನೀ ಎಣಿಸಿದಿ. ಎಚ್ಚರಿಕೆಗೆ ಯಾಕ್ ನಾಚಿಕೆ? ಬೇಕಂದ್ರ ಶನಿಶಿಂಗಣಾಪುರಕ್ಕ ಹೋಗಿ ಇರು."

ಹಿಂದೆ ಅಹಮದನಗರ ಅಂತಿದ್ದ, ಈಗಿನ ಅಹಿಲ್ಯಾನಗರ ಜಿಲ್ಲೆಯ ಆ ಊರಿಗೆ ನಮ್ಮ ಭಾಗದಿಂದ ಬೇಕಾದಷ್ಟು ಮಂದಿ ಹೋಗಿ ಬರುತ್ತಾರೆ. ಮನೆಗಳಿಗೆ ಬಾಗಿಲು, ಕೀಲಿ ಇಡದಿರುವುದು ಅಲ್ಲಿನ ಹಳೆಯ ಸಂಪ್ರದಾಯ. 2011ರ ಜನವರಿಯಲ್ಲಿ ಯೂಕೋ ಬ್ಯಾಂಕು ಅಲ್ಲಿ ಕೀಲಿ ಹಾಕದ ಶಾಖೆ ತೆರೆದದ್ದು ದೊಡ್ಡ ಸುದ್ದಿಯಾಗಿತ್ತು. ಆದರೆ ಅಲ್ಲಿ ಬಾಗಿಲು ಇಲ್ಲದಿರುವುದು ನೆರೆಯವನ ಮೇಲಿನ ನಂಬಿಕೆಯಿಂದ ಅಲ್ಲ. ಕದ್ದವನನ್ನು ಶನಿದೇವರು ಬಿಡುವುದಿಲ್ಲ ಅನ್ನುವ ನಂಬಿಕೆಯಿಂದ. ಅಲ್ಲಿ ದೇವರೇ ಕಾವಲುಗಾರ. ಹಾಗಾಗಿ ಕೀಲಿ ಇಲ್ಲದ ಊರು ನನ್ನ ಪ್ರಶ್ನೆಗೆ ಉತ್ತರ ಅಲ್ಲ.

ಉತ್ತರ ಸಿಕ್ಕಿದ್ದು ಆ ಕೀಲಿ ರಿಪೇರಿಯವನ ಮಾತಿನಲ್ಲಿ. ಅವನ ಪ್ರಶ್ನೆ ಕೇಳಿ ನನಗೆ ಸಿಟ್ಟು ಬಂದಿತ್ತಲ್ಲ? ಈಗ ಅನಿಸುತ್ತದೆ, ಅವತ್ತಿನ ನ್ಯಾಯವಾದ ಪ್ರಶ್ನೆ ಅದೊಂದೇ. ಅವನು ಅದನ್ನು ತಹಶೀಲ್ದಾರರಿಗೂ ಕೇಳುತ್ತಾನೆ, ಲಾರಿ ಕ್ಲೀನರಿಗೂ ಕೇಳುತ್ತಾನೆ. ನನ್ನ ಮುಖ ನೋಡಿ ಕೇಳಲಿಲ್ಲ. ಕೀಲಿಯೂ ಹಾಗೇ. ಅದಕ್ಕೆ ಯಾರ ಪರಿಚಯವೂ ಇಲ್ಲ, ಚಾವಿ ಇಲ್ಲದಿದ್ದರೆ ಯಜಮಾನನನ್ನೂ ಬಿಸಿಲಲ್ಲಿ ನಿಲ್ಲಿಸುತ್ತದೆ. ಅದರಿಂದ ಯಾರಿಗೂ ಅವಮಾನವಿಲ್ಲ, ಯಾಕಂದರೆ ಅದು ಯಾರನ್ನೂ ಆರಿಸಿಕೊಂಡಿಲ್ಲ. ಎಚ್ಚರಿಕೆ ಅಂದರೆ ಅದು.

ನಾನು ಎಣಿಸಿದ್ದು ಎಚ್ಚರಿಕೆ ಅಲ್ಲ. ಬೀದರಿನಿಂದಲೋ ಕಲಬುರಗಿಯಿಂದಲೋ ಬರುವಾಗ ದಾರಿಯಲ್ಲಿ ಎರಡು ಕಡೆ ಚಾ ಕುಡಿಯಲು ಗಾಡಿ ನಿಲ್ಲಿಸಿದಾಗ ನಾನು ಎಣಿಸುವುದಿಲ್ಲ. ಮನೆಯೊಳಗೆ ಹೋಗಿ ಎಣಿಸಬಹುದಿತ್ತು, ಅದೇ ಅರವತ್ತು ಸಾವಿರ ಅಲ್ಲೂ ಇರುತ್ತಿತ್ತು. ನಾನು ಎಣಿಸಿದ್ದು ಒಬ್ಬನ ಕೈ ಮುಟ್ಟಿದ ಮೇಲೆ, ಅವನ ಎದುರಿಗೆ, ಅವನೊಬ್ಬನಿಗಾಗಿ. ಎಚ್ಚರಿಕೆಗೂ ಆರೋಪಕ್ಕೂ ಇರುವ ಅಂತರ ಇಷ್ಟೇ. ಎಲ್ಲರಿಗೂ ಒಂದೇ ಆಗಿರುವವರೆಗೆ ಅದು ಎಚ್ಚರಿಕೆ, ಒಬ್ಬನ ಕಡೆ ತಿರುಗಿತೋ, ಬಾಯಿ ಬಿಚ್ಚದಿದ್ದರೂ ಆರೋಪ. ಅದರಲ್ಲೂ ಉಪಕಾರ ಮಾಡಿದ ಕ್ಷಣದಲ್ಲೇ ಮಾಡಿದ ಆರೋಪ. ಅವನು ಮುಂದೆ ಬರದೆ ಕಟ್ಟೆಯ ಮೇಲೇ ಕುಂತಿದ್ದರೆ ಅವನ ಮಾನಕ್ಕೆ ಏನೂ ಆಗುತ್ತಿರಲಿಲ್ಲ.

ದೀಪಾವಳಿಗೆ ಮತ್ತೆ ಊರಿಗೆ ಹೋದೆ. ಈಗ ಎರಡನೇ ಚಾವಿ ಅವ್ವನ ಅಡಗಿಮನಿಯ ಮೊಳೆಗೆ ತೂಗುತ್ತದೆ. ಅದು ಸುಲಭದ ಕೆಲಸ. ಇನ್ನೊಂದು ಕೆಲಸಕ್ಕೆ ಅವರ ಮನೆ ಹುಡುಕಿಕೊಂಡು ಹೋದೆ. ಹುಡುಗ ಇರಲಿಲ್ಲ, ಪುಣೆಗೆ ಹೋಗಿ ಎರಡು ತಿಂಗಳಾಗಿತ್ತು. ಅವನ ತಾಯಿ ಕಂಬಳಿ ಹಾಸಿ ಕೂಡ್ರಿಸಿ ಚಾ ಕೊಟ್ಟಳು. ಬ್ಯಾಸಗಿಯಲ್ಲಿ ನಡೆದದ್ದನ್ನು ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

"ಏನ್ ಕೆಲಸಿತ್ರಿ ಅವನ್ ಹತ್ರ?" ಅಂತ ಆಕೆ ಸ್ವಲ್ಪ ಹೆದರಿದ ದನಿಯಲ್ಲಿ ಕೇಳಿದಳು. ನನ್ನಂಥವರು ಮಗನನ್ನು ಕೇಳಿಕೊಂಡು ಬಂದರೆ ಆ ಮನೆಯಲ್ಲಿ ಹೆದರುತ್ತಾರೆ.

"ಏನಿಲ್ಲ ಎವ್ವಾ, ನನ್ನ ಗಾಡಿ ಕೀಲಿ ತೆಗೆದು ಕೊಟ್ಟಿದ್ದ. ಛಲೋ ಆತಪ್ಪಾ ಅಂತ ಹೇಳಿ ಹೋಗಾಕ ಬಂದಿದ್ದೆ," ಅಂದೆ.

ಅದು ಅರ್ಧ ಸತ್ಯ. ಉಳಿದ ಅರ್ಧವನ್ನು ಫೋನಿನಲ್ಲಿ ಹೇಳುವಂತಿಲ್ಲ. ಯುಗಾದಿಗೆ ಬರುತ್ತಾನಂತೆ.