ಕುಂಚ ಮಾತ್ರ

ಪುಣೆಯ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಉದ್ದನೆಯ ಜಪಾನಿ ಚಿತ್ರ ತೂಗುಹಾಕಿದ್ದೇನೆ. ಒಂದರ ಕೆಳಗೊಂದು ಜೋಡಿಸಿದ ಎರಡು ಹಾಳೆ. ಎರಡೂ ಬದಿಗೆ ಕಡಿದಾದ ಬಂಡೆ, ನಡುವೆ ಆಳದಲ್ಲಿ ಕಡುನೀಲಿ ನದಿ, ಮೇಲೆ ಒಂದೂ ಕಂಬವಿಲ್ಲದ ಮರದ ಸೇತುವೆ, ಅದರಡಿಯ ಕಿಂಡಿಯಲ್ಲಿ ಹುಣ್ಣಿಮೆಯ ಚಂದ್ರ. ಮನೆಗೆ ಬಂದವರು ಯಾರದು ಎಂದು ಕೇಳಿದರೆ ‘ಹಿರೋಶಿಗೆ’ ಎನ್ನುತ್ತೇನೆ. ಈಚೆಗೆ ಆ ಉತ್ತರ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಸೇತುವೆಯ ಹೆಸರು ಸಾರುಹಾಶಿ, ಅಂದರೆ ಕೋತಿಸೇತುವೆ. ಕೋತಿಗಳು ಒಂದನ್ನೊಂದು ಹಿಡಿದು ಸರಪಳಿಯಾಗಿ ಕಣಿವೆ ದಾಟಿದ್ದನ್ನು ಕಂಡು ಯಾರೋ ಕಟ್ಟಿದರೆಂದು ಅಲ್ಲಿಯ ಐತಿಹ್ಯ. ಎರಡೂ ದಡದ ಬಂಡೆಯೊಳಗಿನಿಂದ ತೊಲೆಗಳು ಹೊರಚಾಚಿವೆ. ಮೇಲಿನ ಸಾಲು ಕೆಳಗಿನದಕ್ಕಿಂತ ಉದ್ದ, ಅದರ ಮೇಲಿನದು ಇನ್ನೂ ಉದ್ದ. ಹೀಗೆ ಮುಂದೆ ಬಂದು ಮೇಲಿನ ಸೇತುವೆಯನ್ನು ಹೊರುತ್ತವೆ. ಆಫೀಸಿನ ಕೆಲಸಕ್ಕೆ ಟೋಕಿಯೊಗೆ ಹೋಗಿದ್ದಾಗ ಒಂದು ಭಾನುವಾರ ರೈಲು ಹತ್ತಿ ನೋಡಿಬಂದೆ. ಸುಮಾರು 31 ಮೀಟರ್ ಉದ್ದ, ಹೆಚ್ಚುಕಮ್ಮಿ ಅಷ್ಟೇ ಎತ್ತರ. ಈಗಿರುವುದು 1984ರಲ್ಲಿ ಮತ್ತೆ ಕಟ್ಟಿದ್ದು. ಹೊರಗೆ ಕಾಣುವುದು ಮರ, ಒಳಗೆ ಭಾರ ಹೊರುವುದು ಉಕ್ಕು.

ಹಿರೋಶಿಗೆ ಈ ಸೀಮೆಗೆ ಬಂದದ್ದು 1841ರಲ್ಲಿ. ಆ ಕಾಲದ ಮರದಚ್ಚಿನ ಚಿತ್ರ ಹೇಗಾಗುತ್ತಿತ್ತು ಎಂದು ಆಮೇಲೆ ಓದಿದೆ. ಚಿತ್ರಕಾರ ತೆಳುವಾದ ಕಾಗದದ ಮೇಲೆ ರೇಖೆ ಬರೆದುಕೊಡುತ್ತಾನೆ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಾನೆ. ಅಲ್ಲಿಗೆ ಮೂಲಚಿತ್ರ ಮುಗಿಯಿತು, ಹಲಗೆಯ ಮೇಲೆ ಚೂರುಚೂರು. ಕೂದಲೆಳೆಯಂಥ ಗೆರೆ ಉಳಿಯುವುದು ಕೆತ್ತುವವನ ಮಣಿಕಟ್ಟಿನ ಹದದಿಂದ. ಬಣ್ಣಕ್ಕೆ ಬೇರೆ ಬೇರೆ ಹಲಗೆ. ಅಚ್ಚು ಹಾಕುವವನು ಹಲಗೆಗೆ ಬಣ್ಣ ಬಳಿದು, ಒದ್ದೆ ಬಟ್ಟೆಯಿಂದಲೋ ಬ್ರಷ್ಷಿನಿಂದಲೋ ಒಂದು ಅಂಚಿನಲ್ಲಿ ತೆಳುಮಾಡಿ, ಕಾಗದವಿಟ್ಟು ಹಿಂದಿನಿಂದ ಉಜ್ಜುತ್ತಾನೆ. ನೀಲಿ ಮೆಲ್ಲಗೆ ಬಿಳಿಯೊಳಗೆ ಕರಗುವುದು ಪ್ರತಿ ಪ್ರತಿಗೂ ಹೊಸದಾಗಿ ಅವನ ಕೈಯಲ್ಲಿ. ನಾನು ಮೆಚ್ಚಿಕೊಂಡಿದ್ದ ಆ ಕಣಿವೆಯ ಆಳ ಬಹುಪಾಲು ಇವನದೇ. ಹಣ ಹೂಡಿ ಎಲ್ಲರನ್ನೂ ಕೂಡಿಸುತ್ತಿದ್ದವನು ಪ್ರಕಾಶಕ.

ನನ್ನನ್ನು ಕಾಡುತ್ತಿರುವುದು ಹಿರೋಶಿಗೆಯ ಖ್ಯಾತಿಯಲ್ಲ. ಎರಡು ವರ್ಷದ ಹಿಂದೆ ನಮ್ಮ ತಂಡದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನಿದ್ದ. ಗ್ರಾಹಕರ ಲೆಕ್ಕ ತಾಳೆಯಾಗದ ಒಂದು ದೋಷವನ್ನು ಮೂರು ರಾತ್ರಿ ಕೂತು ಹಿಡಿದವನು ಅವನು. ಪ್ರೆಸೆಂಟೇಷನ್ ಕೊಟ್ಟವನು ನಾನು. ನಾನೇನೂ ಕದಿಯಲಿಲ್ಲ; ಉದ್ದಕ್ಕೂ ‘ನಾವು’ ಎಂದೇ ಹೇಳಿದೆ. ಹೊರಬಂದಾಗ ಅವನಿಗೆ ಕ್ಷಮೆ ಕೇಳುವ ಧಾಟಿಯಲ್ಲಿ ಏನೋ ಅಂದೆ. “ಇರ್ಲಿ ಬಿಡ್ರಿ ಸರ್, ‘ನಾವು’ ಅಂದ್ರಲ್ಲ, ಅದರಾಗ ನಾನೂ ಬಂದ್ನಲ್ಲ” ಅಂದ. ಆ ವರ್ಷ ಬಡ್ತಿ ನನಗೆ ಬಂತು. ತಂಡ ಕಿರಿದು ಮಾಡುವಾಗ ಪಟ್ಟಿಯಲ್ಲಿ ಅವನ ಹೆಸರಿತ್ತು. ಅವನು ಏನು ಮಾಡಿದ್ದನೆಂದು ಪಟ್ಟಿ ಮಾಡಿದವರಿಗೆ ಗೊತ್ತಿರಲಿಲ್ಲ.

‘ನಾನು’ ಅನ್ನುವುದು ಅಹಂಕಾರ, ‘ನಾವು’ ಅನ್ನುವುದು ವಿನಯ ಎಂದೇ ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ಆ ‘ನಾವು’ ಎಂಬ ಚಾದರದ ಹೊರಗೆ ಮುಖ ಕಾಣುತ್ತಿದ್ದದ್ದು ನನ್ನೊಬ್ಬನದೇ. ಬೇಲೂರಿನ ಗುಡಿಯಲ್ಲಿ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಕೊರೆದರು. ಶಾಲೆಯ ಪ್ರವಾಸದಲ್ಲಿ ಅದನ್ನು ಕಂಡಾಗ, ದೇವರ ಗುಡಿಯಲ್ಲೂ ಹೆಸರಿನ ಆಸೆಯೇ ಎಂದು ನಕ್ಕಿದ್ದೆ. ಈಗ ಹಾಗನ್ನಿಸುವುದಿಲ್ಲ. ಗುಡಿಯನ್ನೆಲ್ಲ ತಮ್ಮದೆಂದು ಅವರು ಹೇಳಿಕೊಳ್ಳಲಿಲ್ಲ. ಈ ಒಂದು ಕಲ್ಲು ನನ್ನದು ಎಂದರು, ಅಷ್ಟೆ.

ಹಿರೋಶಿಗೆಯ ಎಷ್ಟೋ ಚಿತ್ರಗಳ ಸಹಿಯೂ ಹಾಗೆಯೇ ಇದೆ: ‘ಹಿರೋಶಿಗೆ ಹಿತ್ಸು’. ಹಿತ್ಸು ಅಂದರೆ ಕುಂಚ. ಕುಂಚದ ಕೆಲಸ ನನ್ನದು ಎಂಬಷ್ಟೇ ಅರ್ಥ. ಇಡೀ ಚಿತ್ರವನ್ನು ಅವನ ಹೆಸರಿಗೆ ಬರೆದುಕೊಟ್ಟವರು ನನ್ನಂಥ ನೋಡುಗರು. ಹಾಗಂತ ಅವನನ್ನು ಪೂರ್ತಿ ಬಿಟ್ಟುಕೊಡಲೂ ಆಗದು. ಕೆತ್ತುವವರ ಮುದ್ರೆ ಕೆಲವು ಚಿತ್ರಗಳ ಅಂಚಿನಲ್ಲಿ ಕಾಣುವುದುಂಟು, ಬಹುಪಾಲು ಚಿತ್ರಗಳಲ್ಲಿ ಇಲ್ಲ.

ಹೋದ ತಿಂಗಳು ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಹೈದರಾಬಾದಿನಲ್ಲಿದ್ದಾನೆ. ಅವತ್ತಿನ ಕೆಲಸದ ಬಗ್ಗೆ ಒಂದು ಪತ್ರ ಬರೆದುಕೊಡುತ್ತೇನೆ ಅಂದೆ. ನಕ್ಕ. “ಈಗ ಯಾರಿಗೆ ತೋರಸ್ಲಿ ಸರ್?” ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ ಬರೀರಿ” ಅಂದ.

ಬರೆಯಲು ಕೂತೆ. ಅವನ ಹೆಸರು, ತಂಡ, ತಿಂಗಳು ಬರೆದಾಯಿತು. ಆಮೇಲೆ ಕೈ ನಿಂತಿತು. ದೋಷ ಎಲ್ಲಿತ್ತೆಂದು ಗೊತ್ತಿತ್ತು. ಅವನು ಅದನ್ನು ಹೇಗೆ ಹಿಡಿದನೆಂಬುದು ಗೊತ್ತಿರಲಿಲ್ಲ. ಮತ್ತೆ ಫೋನ್ ಮಾಡಿ, ಆ ಮೂರು ರಾತ್ರಿ ಏನೇನು ಮಾಡಿದೆ, ಮೊದಲಿನಿಂದ ಹೇಳು ಅಂದೆ.