ಹೆಸರಿನ ಮುಂದಿನ ಒಂದಕ್ಷರ

ಕಳೆದ ಜಾತ್ರೆಯ ಆಮಂತ್ರಣ ಪತ್ರಿಕೆಯ ಕರಡು ಸಿದ್ಧವಾಗುತ್ತಿದ್ದಾಗ ಶ್ರೀಮಠದ ಹಳೆಯ ಭಕ್ತರೊಬ್ಬರು ನಮ್ಮ ಬಳಿ ಬಂದರು. ಗಡಿಯಾಚೆಯ ಊರಿನಲ್ಲಿ ತಲೆಮಾರುಗಳಿಂದ ಅಡತಿ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅವರದು. ದಾಸೋಹಕ್ಕೆ ವರ್ಷ ತಪ್ಪದೆ ಜೋಳ, ತೊಗರಿಬೇಳೆಯ ಚೀಲ ಕಳಿಸುವವರು. ಬರ ಬಿದ್ದ ವರ್ಷ ರೈತರ ಸಾಲದ ಬಡ್ಡಿ ಬಿಟ್ಟವರು. ಅವರ ಕೈಯಲ್ಲಿ ಬಣ್ಣದ ಪತ್ರವೊಂದಿತ್ತು. ಆನ್‌ಲೈನ್ ವಿಶ್ವವಿದ್ಯಾಲಯವೆಂದು ಕರೆದುಕೊಳ್ಳುವ ಒಂದು ಸಂಸ್ಥೆ ಅವರ ಸಮಾಜಸೇವೆಯನ್ನು ಮೆಚ್ಚಿ ಡಾಕ್ಟರೇಟ್ ಕೊಡಲು ಮುಂದೆ ಬಂದಿತ್ತು. ನೋಂದಣಿ ಮತ್ತು ಸಮಾರಂಭದ ವೆಚ್ಚವೆಂದು ದೊಡ್ಡ ಮೊತ್ತವೊಂದನ್ನು ತುಂಬಬೇಕಿತ್ತು. ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರಿನ ಮುಂದೆ ‘ಡಾ.’ ಎಂದು ಹಾಕಿಸಬೇಕು, ಆ ಪ್ರಮಾಣಪತ್ರವನ್ನು ಜಾತ್ರೆಯ ವೇದಿಕೆಯ ಮೇಲೆ ನಮ್ಮ ಕೈಯಿಂದಲೇ ಪಡೆಯಬೇಕು ಎಂಬುದು ಅವರ ಅಪೇಕ್ಷೆ.

ನಮ್ಮ ಮುಖದ ಮೇಲಿನ ಸಂಶಯವನ್ನು ಕಂಡು ಅವರೇ ಹೇಳಿದರು: ‘ಅಪ್ಪಾವರ, ನಾ ಯಾರಿಗೂ ಮೋಸ ಮಾಡಿಲ್ಲ. ನೌಕರಿ ಕೇಳಾಕ ಹೊಂಟಿಲ್ಲ, ಪಗಾರ ಹೆಚ್ಚು ಮಾಡ್ರಿ ಅಂತನೂ ಕೇಳೂದಿಲ್ಲ. ನನ್ನ ರೊಕ್ಕ, ನನ್ನ ಹೆಸರು. ಇದರಾಗ ತಪ್ಪೇನೈತ್ರಿ?’

ಪ್ರಶ್ನೆ ನೇರವಾದುದು. ಆದರೂ ಕೂಡಲೇ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಇಂಥದೇ ಪದವಿಯನ್ನು ತಂದ ಇನ್ನೊಬ್ಬ ಗೃಹಸ್ಥರಿಗೆ ನಾವೇ ಶಾಲು ಹೊದಿಸಿ, ‘ಡಾಕ್ಟರ್’ ಎಂದು ಸಂಬೋಧಿಸಿ, ನೆರೆದ ಭಕ್ತರಿಂದ ಚಪ್ಪಾಳೆ ಹಾಕಿಸಿದ್ದೆವು. ಆ ಪದವಿಯನ್ನು ಕೊಟ್ಟವರಾರು, ಕೊಡುವ ಅಧಿಕಾರ ಅವರಿಗೆ ಎಲ್ಲಿಂದ ಬಂತು ಎಂದು ನಾವು ಕೇಳಿರಲಿಲ್ಲ. ನಾವೇ ಮಾಡಿದ ತಪ್ಪನ್ನು ಇನ್ನೊಬ್ಬರಲ್ಲಿ ತಿದ್ದಲು ಹೋಗುವಾಗ ನಾಲಿಗೆ ತಡವರಿಸುತ್ತದೆ. ‘ನಾಲ್ಕು ದಿನ ಬಿಟ್ಟು ಹೇಳುತ್ತೇವೆ’ ಎಂದು ಅವರನ್ನು ಕಳಿಸಿಕೊಟ್ಟೆವು.

ಆ ನಾಲ್ಕು ದಿನಗಳೊಳಗೇ ಮತ್ತೊಂದು ಸಂಗತಿ ನಡೆಯಿತು. ರಾಯದುರ್ಗದ ಕಡೆಯ ರೈತರೊಬ್ಬರು ತಮ್ಮ ಮಗಳೊಡನೆ ಬಂದರು. ಆಕೆ ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವಾಕೆ. ವಿದೇಶದ ವಿಶ್ವವಿದ್ಯಾಲಯವೊಂದರ ಹೆಸರಿನಲ್ಲಿ ಇಲ್ಲಿನ ಕಂಪನಿಯೊಂದು ನಡೆಸುವ ಆನ್‌ಲೈನ್ ಪಿಎಚ್.ಡಿ.ಗೆ ಹೆಸರು ಹಚ್ಚಿ, ಮೂರು ವರ್ಷ ರಾತ್ರಿ ಕುಳಿತು ಓದಿ, ಪ್ರಬಂಧ ಬರೆದು ಪದವಿ ಪಡೆದಿದ್ದಳು. ತಂದೆ ಶೇಂಗಾ ಮಾರಿದ ಹಣವೆಲ್ಲ ಅದಕ್ಕೇ ಹೋಗಿತ್ತು. ಹುದ್ದೆಯ ಸಂದರ್ಶನದಲ್ಲಿ ಆ ಪತ್ರವನ್ನು ನೋಡಿದವರು, ‘ಇದು ಇಲ್ಲಿ ನಡೆಯುವುದಿಲ್ಲ’ ಎಂದು ಬದಿಗಿಟ್ಟರಂತೆ. ‘ವಿಚಾರಿಸದೆ ಹಣ ಕಟ್ಟಿದಿರೇಕೆ?’ ಎಂದು ನಾವು ಕೇಳಿದೆವು. ಆ ತಂದೆ ತಲೆ ತಗ್ಗಿಸಿ ಹೇಳಿದ ಮಾತು ನಮ್ಮನ್ನು ಇರಿಯಿತು. ಆನ್‌ಲೈನಿನಲ್ಲಿ ಡಾಕ್ಟರೇಟ್ ಪಡೆದವರಿಗೆ ಮಠದ ವೇದಿಕೆಯಲ್ಲೇ ಸನ್ಮಾನವಾದದ್ದನ್ನು ಕಂಡು, ಇದು ಸರಿಯಾದದ್ದೇ ಇರಬೇಕೆಂದು ಅವರು ನಂಬಿದ್ದರು.

ವ್ಯಾಪಾರಿ ಭಕ್ತರ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು. ಆದರೆ ಅದನ್ನು ಬಿಡಿಸಿ ಹೇಳಬೇಕಾದರೆ, ಪದವಿಗೆ ಮಾನ್ಯತೆ ಎಂದರೇನು ಎಂಬುದನ್ನು ಮೊದಲು ಅರಿಯಬೇಕು.

ನಮ್ಮ ದೇಶದಲ್ಲಿ ಯಾರು ಪದವಿ ಕೊಡಬಹುದೆಂಬುದನ್ನು 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯಿದೆಯ 22ನೆಯ ಕಲಮು ಹೇಳುತ್ತದೆ. ಸಂಸತ್ತು ಅಥವಾ ರಾಜ್ಯದ ವಿಧಾನಮಂಡಲ ಮಾಡಿದ ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯವೆಂದು ಪರಿಗಣಿತವಾದ ಸಂಸ್ಥೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟು ಮಾತ್ರ. ಟ್ರಸ್ಟ್ ಎಂದು ನೋಂದಾಯಿಸಿದ ಮಾತ್ರಕ್ಕೆ, ಐಎಸ್‌ಒ ಪತ್ರ ತೂಗುಹಾಕಿದ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ. ಯುನೆಸ್ಕೊ ಹೆಸರು ಅಚ್ಚು ಹಾಕಿಸಿಕೊಂಡವರೂ ಉಂಟು. ಯುನೆಸ್ಕೊ ಯಾವ ವಿಶ್ವವಿದ್ಯಾಲಯಕ್ಕೂ ಮಾನ್ಯತೆ ಕೊಡುವ ಸಂಸ್ಥೆಯಲ್ಲ. ಕಾಯಿದೆ ಮೀರಿ ಪದವಿ ಹಂಚುವವರಿಗೆ 1956ರಲ್ಲಿ ಬರೆದಿಟ್ಟ ದಂಡ ಹೆಚ್ಚೆಂದರೆ 1000 ರೂಪಾಯಿ. ಇಂಥ ವ್ಯಾಪಾರಕ್ಕೆ ಧೈರ್ಯ ಬಂದದ್ದರಲ್ಲಿ ಆಶ್ಚರ್ಯವೇನು?

ಆನ್‌ಲೈನ್ ಕಲಿಕೆಯೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಅನುಮತಿ ಪಡೆದ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಕೊಡುವ ಬಿ.ಎ., ಎಂ.ಎ. ಮೊದಲಾದ ಪದವಿಗಳು ಕಾಲೇಜಿಗೆ ಹೋಗಿ ಪಡೆದವಕ್ಕೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಜತ್ತ, ಅಕ್ಕಲಕೋಟೆ, ತಾಳವಾಡಿಯಂಥ ಕಡೆ ಹೊಲಮನೆ ಬಿಟ್ಟು ದೂರದ ಪಟ್ಟಣಕ್ಕೆ ಹೋಗಲಾಗದ ನಮ್ಮ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಪಿಎಚ್.ಡಿ.ಯ ಮಾತು ಬೇರೆ. ಅದನ್ನು ದೂರಶಿಕ್ಷಣದಿಂದಾಗಲಿ ಆನ್‌ಲೈನಿನಿಂದಾಗಲಿ ಕೊಡಲು ಇಲ್ಲಿಯ ನಿಯಮದಲ್ಲಿ ಅವಕಾಶವಿಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕಂಪನಿಗಳು ನಡೆಸುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರಿನಲ್ಲಿ ಜಂಟಿಯಾಗಿ ಎಚ್ಚರಿಸಿದವು. ಅದೇ ವರ್ಷದ ನವೆಂಬರಿನ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು; ಮಾರ್ಗದರ್ಶಕರ ಜೊತೆಗೆ ಹೊರಗಿನ ಇಬ್ಬರು ಪರೀಕ್ಷಕರು ಪ್ರಬಂಧವನ್ನು ತೂಗಿ ನೋಡಬೇಕು; ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ಬರೆದವರೇ ಉತ್ತರ ಕೊಡಬೇಕು. ನೌಕರಿಯಲ್ಲಿರುವವರು ಅರೆಕಾಲಿಕವಾಗಿ ಇದನ್ನು ಮಾಡಬಹುದು. ಆ ಹೆಣ್ಣುಮಗಳಿಗೆ ಈ ದಾರಿ ತೆರೆದೇ ಇತ್ತು, ಹೇಳುವವರಿರಲಿಲ್ಲ.

ಅಂಗಡಿಯವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ, ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸುತ್ತೇವೆ. ಮುದ್ರೆಯಿಂದ ಜೋಳದ ಗುಣ ಹೆಚ್ಚುವುದಿಲ್ಲ. ಆದರೆ ಗುರುತು ಪರಿಚಯವಿಲ್ಲದ ರೈತ ಗುರುತು ಪರಿಚಯವಿಲ್ಲದ ಅಂಗಡಿಯಲ್ಲಿ ನೆಚ್ಚಿಕೆಯಿಂದ ಚೀಲ ಇಳಿಸುವುದು ಆ ಮುದ್ರೆಯಿಂದ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಬೀಜದ ಒಳಗನ್ನು ಕಣ್ಣಿನಿಂದ ನೋಡಲಾಗದು. ಚೀಟಿಯನ್ನು ನಂಬಿ ಬಿತ್ತುತ್ತೇವೆ. ಚೀಟಿ ಸುಳ್ಳಾದರೆ ಅದು ಗೊತ್ತಾಗುವುದು ಮಳೆ ಮುಗಿದ ಮೇಲೆ, ಹಂಗಾಮು ಕೈ ಬಿಟ್ಟ ಮೇಲೆ. ‘ಡಾ.’ ಎಂಬ ಅಕ್ಷರವೂ ಅಂಥ ಚೀಟಿ. ಈತನ ವಿದ್ಯೆಯನ್ನು ಬಲ್ಲವರು ಪರೀಕ್ಷಿಸಿದ್ದಾರೆ, ನೀವು ನಂಬಬಹುದು ಎಂದು ಅದು ಅಪರಿಚಿತರಿಗೆ ಹೇಳುತ್ತದೆ. ಹೆಸರು ಅವರವರದು ನಿಜ. ಮುಂದಿನ ಆ ಅಕ್ಷರ ಮಾತ್ರ ಎಲ್ಲರದು. ಊರ ಸಂತೆಯ ತೂಕವನ್ನು ಒಬ್ಬರು ತಮ್ಮ ಮನೆಯಲ್ಲಿ ಎರಕ ಹೊಯ್ದುಕೊಳ್ಳುವಂತಿಲ್ಲ.

ಈ ರೋಗ ನಮ್ಮಲ್ಲಿಯೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಪೂರ್ತಿ ಆನ್‌ಲೈನಿನಲ್ಲಿ ನಡೆಯುವ ವಿಶ್ವವಿದ್ಯಾಲಯವೊಂದಕ್ಕೆ ಮೊದಲ ಬಾರಿ ಸರಿಯಾದ ಮಾನ್ಯತೆ ಸಿಕ್ಕಿದ್ದು 1999ರಲ್ಲಿ. ಅಲ್ಲಿ ಪರೀಕ್ಷೆಗೆ ಒಡ್ಡಿಕೊಂಡು ಮಾನ್ಯತೆ ಪಡೆದ ಸಂಸ್ಥೆಗಳಿವೆ. ಪಕ್ಕದಲ್ಲೇ ಪದವಿ ಮಾರುವ ಅಂಗಡಿಗಳೂ ಇವೆ. 2004ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಸರ್ಕಾರಿ ವಕೀಲರ ಕಚೇರಿಯವರು ಅಂಥ ಅಂಗಡಿಯೊಂದನ್ನು ಪರೀಕ್ಷಿಸಲು ಸಾಕಿದ ಬೆಕ್ಕಿನ ಹೆಸರಿನಲ್ಲಿ ಅರ್ಜಿ ಹಾಕಿದರು. ಬೆಕ್ಕು ಕೇಳಿದ್ದು ಸಾಮಾನ್ಯ ಪದವಿ. ಅದರ ‘ಅನುಭವ’ವನ್ನು ಮೆಚ್ಚಿ, ಇನ್ನಷ್ಟು ಡಾಲರು ಕೊಟ್ಟರೆ ಎಂ.ಬಿ.ಎ.ಯನ್ನೇ ಕೊಡುತ್ತೇವೆಂದು ಉತ್ತರ ಬಂತು, ಪದವಿಯೂ ಬಂತು! ನಗು ಬರುತ್ತದೆ. ಆದರೆ ಅದೇ ವರ್ಷ ಆ ದೇಶದ ಸಂಸತ್ತಿನ ಲೆಕ್ಕಪರಿಶೋಧಕರು ಇಂಥ ಮೂರು ಸಂಸ್ಥೆಗಳ ದಾಖಲೆಯಲ್ಲಿ 463 ಮಂದಿ ಕೇಂದ್ರ ಸರ್ಕಾರಿ ನೌಕರರ ಹೆಸರು ಕಂಡರೆಂಬುದು ನಗುವ ಮಾತಲ್ಲ. 2015ರಲ್ಲಿ ಕರಾಚಿಯ ಕಂಪನಿಯೊಂದು ನೂರಾರು ಹುಸಿ ವೆಬ್‌ಸೈಟುಗಳಿಂದ ಪದವಿ ಮಾರುತ್ತಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಆ ಕಂಪನಿ ಮಾನ್ಯತೆ ಕೊಡುವ ಹುಸಿ ಮಂಡಳಿಗಳನ್ನೂ ತಾನೇ ಹುಟ್ಟಿಸಿಕೊಂಡಿತ್ತು. ಕಲ್ಲೂ ಖೊಟ್ಟಿ, ಮುದ್ರೆಯೂ ಖೊಟ್ಟಿ!

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸರ್ಕಾರದ ಮುದ್ರೆ ಇದ್ದದ್ದೆಲ್ಲ ಶುದ್ಧವೇ? ಅಲ್ಲ. ಗಡಿಯ ನಮ್ಮ ಮಕ್ಕಳು ನೆಚ್ಚಿದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೇ ತನ್ನ ವ್ಯಾಪ್ತಿ ಮೀರಿ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿತೆಂದು, 2013–14ರಿಂದ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. 2018–19ರಿಂದ ಮಾನ್ಯತೆ ಮರಳಿ ದೊರೆಯಿತು. ನಡುವೆ ನಿರಪರಾಧಿ ವಿದ್ಯಾರ್ಥಿಗಳು ಪಟ್ಟ ಪಾಡು ದೊಡ್ಡದು. ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಯ ಪರಿಶೀಲನಾ ತಂಡದ ಸದಸ್ಯರನ್ನು, ಒಳ್ಳೆಯ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ಸಿಬಿಐ 2025ರ ಫೆಬ್ರುವರಿಯಲ್ಲಿ ಬಂಧಿಸಿತು. ಮುದ್ರೆ ಹಾಕುವ ಕೈಯೂ ಕೆಡಬಹುದು. ಆದರೆ ತೂಕದ ಅಧಿಕಾರಿ ಕೆಟ್ಟನೆಂದು ನಾವು ತಕ್ಕಡಿಯನ್ನೇ ಬಿಸಾಡುವುದಿಲ್ಲ. ಅಧಿಕಾರಿಯನ್ನು ಪ್ರಶ್ನಿಸುತ್ತೇವೆ, ತೂಕವನ್ನು ಉಳಿಸಿಕೊಳ್ಳುತ್ತೇವೆ.

ಇದಕ್ಕಿಂತ ಆಳವಾದ ಆಕ್ಷೇಪವೂ ಒಂದಿದೆ. ನಮ್ಮ ಶರಣರಿಗೆ ಯಾವ ವಿಶ್ವವಿದ್ಯಾಲಯ ಪದವಿ ಕೊಟ್ಟಿತ್ತು? ಅಂಬಿಗರ ಚೌಡಯ್ಯ ದೋಣಿ ನಡೆಸಿದವರು, ಡೋಹರ ಕಕ್ಕಯ್ಯ ತೊಗಲು ಹದ ಮಾಡಿದವರು. ಅನುಭಾವಕ್ಕೆ ಮುದ್ರೆ ಬೇಕೆ? ಬೇಡ, ನಿಜ. ಆದರೆ ಎರಡು ಸಂಗತಿಗಳನ್ನು ನಾವು ಮರೆಯಬಾರದು. ಶರಣರು ಪದವಿಯಿಲ್ಲದೆ ಇದ್ದರೇ ಹೊರತು ಇಲ್ಲದ ಪದವಿಯನ್ನು ಧರಿಸಲಿಲ್ಲ. ಮತ್ತು ಅವರು ಪರೀಕ್ಷೆಗೆ ಹೆದರಲಿಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಆಕೆಗೆ ಎಂಥ ಕಠಿಣ ಪ್ರಶ್ನೆಗಳನ್ನು ಹಾಕಿದರೆಂಬುದನ್ನು ಶೂನ್ಯಸಂಪಾದನೆ ಹೇಳುತ್ತದೆ. ಆಕೆ ಎಲ್ಲರೆದುರು ನಿಂತು ಉತ್ತರ ಕೊಟ್ಟರು. ಆಮೇಲೆ ಶರಣರೆಲ್ಲ ತಲೆಬಾಗಿದರು. ಮೌಖಿಕ ಪರೀಕ್ಷೆ ಎಂದರೆ ಇನ್ನೇನು?

ಗೌರವ ಪದವಿಯೇ ಸಲ್ಲದೆಂದೂ ನಾವು ಹೇಳುತ್ತಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಅಚ್ಚುಕೂಟಕ್ಕಾಗಿ ಸ್ವಂತ ಮನೆಯನ್ನು ಮಾರಿದರು, ‘ಶಿವಾನುಭವ’ ಪತ್ರಿಕೆ ನಡೆಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಅವರಿಗೆ ಗೌರವ ಡಿ.ಲಿಟ್. ಕೊಟ್ಟಾಗ ಅವರ ವಯಸ್ಸು 75 ದಾಟಿತ್ತು. ಕಾಯಕ ಮುಂದೆ ನಡೆಯಿತು, ಪದವಿ ಹಿಂದಿನಿಂದ ಹುಡುಕಿಕೊಂಡು ಬಂತು. ಕೊಟ್ಟವರಿಗೆ ಕೊಡುವ ಅಧಿಕಾರವಿತ್ತು. ಪಡೆದವರು ಶುಲ್ಕ ತುಂಬಿರಲಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ತಿಳಿದದ್ದೇ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದರು. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ಅಂಗಳದಲ್ಲಿ ಬಿದ್ದದ್ದು. ಯಾರಿಗೂ ಮೋಸವಾಗಿರಲಿಲ್ಲ. ಆದರೂ ಅದು ತಮ್ಮದಲ್ಲವೆಂದು ಆ ತಾಯಿಗೆ ತಿಳಿದಿತ್ತು. ನಮಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಮಾನವೂ ಅಂಥ ಅಕ್ಕಿಯೇ.

ನಾಲ್ಕು ದಿನಗಳ ಮೇಲೆ ಆ ಭಕ್ತರು ಬಂದಾಗ ನಾವು ಇದನ್ನೇ ಹೇಳಿದೆವು. ನಮ್ಮ ಹಿಂದಿನ ತಪ್ಪನ್ನೂ, ಆ ಹೆಣ್ಣುಮಗಳ ಮನೆಗೆ ಅದರಿಂದಾದ ನಷ್ಟವನ್ನೂ ಮುಚ್ಚಿಡದೆ ಹೇಳಿದೆವು. ‘ನಿಮ್ಮ ದಾಸೋಹವನ್ನು ವೇದಿಕೆಯ ಮೇಲೆ ಅದರ ಹೆಸರಿನಿಂದಲೇ ಹೊಗಳುತ್ತೇವೆ, ಬಡ್ಡಿ ಬಿಟ್ಟ ಸಂಗತಿಯನ್ನು ಎಲ್ಲರಿಗೂ ಹೇಳುತ್ತೇವೆ, ಆದರೆ ಆ ಅಕ್ಷರ ಅಚ್ಚು ಹಾಕಿಸಲಾರೆವು’ ಎಂದೆವು. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ನಮಸ್ಕರಿಸಿ ಎದ್ದು ಹೋದರು. ಆ ವರ್ಷ ಜಾತ್ರೆಗೆ ಬರಲಿಲ್ಲ. ಚೀಲಗಳು ಮಾತ್ರ ಎಂದಿನಂತೆ ಮಗನ ಕೈಯಲ್ಲಿ ಬಂದವು. ಆ ಪದವಿಯನ್ನು ಅವರು ಪಡೆದರೋ ಬಿಟ್ಟರೋ, ನಾವು ಕೇಳಿಲ್ಲ.

ಇನ್ನು ಮುಂದೆ ಶ್ರೀಮಠದ ಆಮಂತ್ರಣದಲ್ಲಾಗಲಿ ಈ ಪತ್ರಿಕೆಯಲ್ಲಾಗಲಿ ‘ಡಾ.’ ಎಂದು ಅಚ್ಚು ಮಾಡುವ ಮೊದಲು, ಪದವಿ ಎಲ್ಲಿಯದೆಂದು ವಿನಯದಿಂದ ಕೇಳಲಾಗುವುದು. ಯಾರೂ ಇದನ್ನು ಅವಮಾನವೆಂದು ಭಾವಿಸಬಾರದು. ಮಕ್ಕಳನ್ನು ಯಾವ ಕೋರ್ಸಿಗೆ ಹಚ್ಚುವುದಿದ್ದರೂ ಹಣ ಕಟ್ಟುವ ಮೊದಲು ಯುಜಿಸಿಯ ಜಾಲತಾಣದಲ್ಲಿ ಆ ಸಂಸ್ಥೆಯ ಹೆಸರಿದೆಯೇ ನೋಡಿರಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲೇ ಇದೆ. ನೋಡಲು ಬಾರದವರು ಹತ್ತಿರದ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನು ಕೇಳಿರಿ. ಈಗಾಗಲೇ ಮೋಸಹೋದವರನ್ನು ನಗಬೇಡಿರಿ. ನಂಬಿ ಕೆಟ್ಟವರು ಬೇರೆ, ನಂಬಿಸಿ ಕೆಡಿಸಿದವರು ಬೇರೆ. ಆ ಹೆಣ್ಣುಮಗಳು ಈಗ ಹತ್ತಿರದ ವಿಶ್ವವಿದ್ಯಾಲಯವೊಂದರ ಅರೆಕಾಲಿಕ ಪಿಎಚ್.ಡಿ.ಯ ಪ್ರವೇಶ ಪರೀಕ್ಷೆಗೆ ಮತ್ತೆ ಮೊದಲಿನಿಂದ ಓದುತ್ತಿದ್ದಾಳೆ. ಆಕೆಯ ಶುಲ್ಕದಲ್ಲಿ ಒಂದು ಪಾಲನ್ನು ಶ್ರೀಮಠ ಹೊತ್ತಿದೆ. ಅದು ದಾನವಲ್ಲ, ನಾವು ತೀರಿಸಬೇಕಾದ ಸಾಲ.