ಮೂಟೆಯ ಮೇಲೆ ಕೂತವನು ಯಾರು?

2025ರ ಜನವರಿ 22, ಬುಧವಾರ. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ಲಾರಿಯೊಂದು ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಘಟ್ಟದ ರಸ್ತೆಯಿಂದ ಕಂದಕಕ್ಕೆ ಉರುಳಿತು. ಹತ್ತು ಜನ ಸತ್ತರು. ಮೂಟೆಗಳ ಜೊತೆಗೇ ಕೂತು ಹೊರಟಿದ್ದ ವ್ಯಾಪಾರಿಗಳು ಅವರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಸರಿದು ಅಂಚು ತಪ್ಪಿತು, ಅಲ್ಲಿ ಕಣಿವೆಯ ಬದಿಗೆ ತಡೆಗೋಡೆ ಇರಲಿಲ್ಲ ಎಂದು ಪೊಲೀಸರು ಅಂದೇ ಹೇಳಿದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮಗೆ ಇಂಥ ಲಾರಿಗಳು ಅಪರಿಚಿತವಲ್ಲ. ನಮ್ಮ ಹಿತ್ತಲಿನಲ್ಲಿ ಬಸಳೆ, ಕೆಸು, ಮೊಗೆಕಾಯಿ ಬೆಳೆದೀತು. ಟೊಮೆಟೊ, ಉಳ್ಳಾಗಡ್ಡೆ, ಕೋಸು ಬರುವುದು ಬಯಲುಸೀಮೆಯಿಂದಲೇ. ಲಾರಿಯಲ್ಲಿ ಜನ ಕೂರುವುದೂ ಹೊಸತಲ್ಲ. ಮದುವೆ ದಿಬ್ಬಣ ಲಾರಿಯಲ್ಲಿ ಹೋದದ್ದನ್ನು ಹಿರಿಯರು ಈಗಲೂ ಖುಷಿಯಿಂದ ಹೇಳುತ್ತಾರೆ. ಕೊನೆಕೊಯ್ಲಿನ ಕಾಲದಲ್ಲಿ ತೋಟದಿಂದ ತೋಟಕ್ಕೆ ಆಳುಗಳು ಹೋಗುವುದು ಅಡಿಕೆ ಕೊನೆ ಹೊರುವ ಪಿಕಪ್ಪಿನಲ್ಲೇ. ಅದನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ, ನಾನೂ ಏರಿಸಿದವನಲ್ಲ.

ಆದರೆ ಬಿದ್ದ ಮೇಲೆ ಕಾನೂನು ಒಂದು ಪ್ರಶ್ನೆ ಕೇಳುತ್ತದೆ. ಸತ್ತವನು ಆ ಲಾರಿಯಲ್ಲಿ ಏನಾಗಿದ್ದ?

1988ರ ಮೋಟಾರು ವಾಹನ ಕಾಯ್ದೆಯ 147ನೇ ಕಲಮು ಕಡ್ಡಾಯ ವಿಮೆ ಯಾರ ಯಾರ ಹೊಣೆ ಹೊರಬೇಕೆಂದು ಹೇಳುತ್ತದೆ. 1994ರ ತಿದ್ದುಪಡಿ ಅದಕ್ಕೆ ಸರಕಿನ ಮಾಲೀಕನನ್ನೂ ಅವನ ಅಧಿಕೃತ ಪ್ರತಿನಿಧಿಯನ್ನೂ ಸೇರಿಸಿತು. ಸರಕಿನ ಲಾರಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಈ ವಿಮೆ ಇಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತು. ಮುಂದೆ ಚೊಲ್ಲೇಟಿ ಭಾರತಮ್ಮ ಪ್ರಕರಣದಲ್ಲಿ, ಸರಕಿನ ಮಾಲೀಕನಾದರೂ ಆತ ಕ್ಯಾಬಿನ್ನಿನಲ್ಲಿ ಕೂತಿರಬೇಕು ಎಂದಿತು. ಅಂದರೆ ಮನುಷ್ಯನಾಗಿ ಸತ್ತರೆ ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಬದನೆಕಾಯಿಯ ಒಡೆಯನಾಗಿ ಸತ್ತರೆ ಬರಬಹುದು, ಅದೂ ಡ್ರೈವರನ ಪಕ್ಕದಲ್ಲಿ ಕೂತಿದ್ದರೆ. ಹಿಂದೆ ಮೂಟೆಯ ಮೇಲೆ ಕೂತವನ ಕುಟುಂಬ ಲಾರಿ ಮಾಲೀಕನ ಬೆನ್ನು ಹತ್ತಬೇಕು. ಒಂದೇ ಲಾರಿ ಇಟ್ಟುಕೊಂಡ ಮಾಲೀಕನ ಹತ್ತಿರ ಹತ್ತು ಸಾವಿಗೆ ಕೊಡುವಷ್ಟು ಏನಿರುತ್ತದೆ? ಇದರ ಕಟುತ್ವ ನ್ಯಾಯಾಲಯಗಳಿಗೂ ತಿಳಿಯದೇ ಇಲ್ಲ. ಹಾಗಾಗಿಯೇ ಎಷ್ಟೋ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿವೆ. ಅದು ಕರುಣೆಯ ದಾರಿ. ಆದರೆ ಕರುಣೆ ಒಂದೊಂದು ಪೀಠದಲ್ಲಿ ಒಂದೊಂದು ರೀತಿ ಇರುತ್ತದೆ.

'ಅಪಾಯ ಗೊತ್ತಿದ್ದೂ ಹತ್ತಿದರಲ್ಲ' ಎನ್ನುವ ಮಾತು ಚಹಾದಂಗಡಿಯಲ್ಲಿ ಕೇಳುತ್ತದೆ. ತಿಳಿದೇ ಒಪ್ಪಿದವನಿಗೆ ದೂರುವ ಹಕ್ಕಿಲ್ಲ ಎಂಬ ರೋಮನ್ ಕಾಲದ ಸೂತ್ರವೂ ಇದೇ. ನನಗಿದು ಒಪ್ಪಿಗೆಯಾಗುವುದಿಲ್ಲ. ಬೇರೆ ದಾರಿ ಇದ್ದೂ ಇದನ್ನೇ ಆರಿಸಿಕೊಂಡರೆ ಅದು ಒಪ್ಪಿಗೆ. ಬೆಳಕು ಹರಿಯುವ ಹೊತ್ತಿಗೆ ಘಟ್ಟದ ಕೆಳಗೆ ಸಂತೆಯಲ್ಲಿ ಹರವಿಕೊಂಡು ಕೂರಬೇಕು, ಮೂಟೆಗಳನ್ನು ಬಸ್ಸು ಹೊರುವುದಿಲ್ಲ, ಮಾಲನ್ನು ಒಂಟಿಯಾಗಿ ಬಿಡುವಂತಿಲ್ಲ, ಬೇರೆ ಗಾಡಿ ಮಾಡಿದರೆ ಲಾಭವೇ ಹೋಯಿತು. ಇಷ್ಟೆಲ್ಲ ಆದ ಮೇಲೆ ಉಳಿಯುವ ಒಂದೇ ದಾರಿಯನ್ನು ಆಯ್ಕೆ ಎಂದು ಕರೆಯುವುದು ಬಾಯಿಮಾತಿನ ನ್ಯಾಯ.

ಹಾಗಾದರೆ ತಪ್ಪು ಚಾಲಕನದೇ? ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆದಾಗ ಉದಾಹರಣೆಗೆ ಹಿಡಿದದ್ದೂ ಒಬ್ಬ ಲಾರಿ ಚಾಲಕನನ್ನೇ. ಅವನದೇನೂ ತಪ್ಪಿಲ್ಲದೆ ಮಗುವೊಂದು ಅವನ ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ನೋಡಿದವರೆಲ್ಲ ಮರುಗುತ್ತಾರೆ, ಆದರೆ ಚಾಲಕನ ಸಂಕಟವೇ ಬೇರೆ. ನಡೆದದ್ದು ಅವನ ಕೈಯಿಂದ. 'ನಿನ್ನ ತಪ್ಪಲ್ಲ ಮಾರಾಯ' ಎಂದು ನಾವು ಸಮಾಧಾನ ಹೇಳುತ್ತೇವೆ, ಆದರೆ ಆತ ಥಟ್ಟನೆ ಸಮಾಧಾನವಾಗಿಬಿಟ್ಟರೆ ಅವನ ಬಗ್ಗೆಯೇ ಅನುಮಾನಪಡುತ್ತೇವೆ.

ಓದುವಾಗ ಒಪ್ಪಿದ್ದೆ. ಗುಳ್ಳಾಪುರದ ನಂತರ ಯೋಚಿಸಿದರೆ ಆ ಉದಾಹರಣೆಯ ರಸ್ತೆ ತೀರಾ ಖಾಲಿ ಅನ್ನಿಸುತ್ತದೆ. ಅಲ್ಲಿರುವುದು ಚಾಲಕ ಮತ್ತು ಮಗು ಮಾತ್ರ. ನಮ್ಮ ಘಟ್ಟದಲ್ಲಿ ಸಂತೆಯ ಗಡಿಯಾರವಿದೆ, ಬಾಡಿಗೆಯ ದರವಿದೆ, ಇಲ್ಲದ ಗೋಡೆಯಿದೆ. ಗೋಡೆ ಕಟ್ಟದವರ ಕೈ ಯಾವ ಚಕ್ರವನ್ನೂ ತಿರುಗಿಸಿಲ್ಲ. ಅವರಿಗೆ ಚಾಲಕನ ಸಂಕಟ ಬರುವುದು ಹೇಗೆ? ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಹೊಣೆ ಎಲ್ಲರಿಗೂ ಚೂರು ಚೂರು ಹಂಚಿಹೋಗಿ, ಯಾರ ನಿದ್ದೆಯನ್ನೂ ಕೆಡಿಸದಷ್ಟು ಹಗುರಾಗುತ್ತದೆ. ಮಾಡಿದವನಿಗೆ ಕಾಡುವ ನೆನಪಿದೆ, ಮಾಡದೇ ಬಿಟ್ಟವರಿಗೆ ಅದೂ ಇಲ್ಲ.

ಕಾನೂನು ಇಲ್ಲಿ ಪೂರ್ತಿ ಕುರುಡಲ್ಲ. 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮು ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೆ ಹೊಣೆಗಾರರಿಗೆ ದಂಡ ಹಾಕಬಹುದು. ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಚಾಲಕನ ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ಐದು ವರ್ಷದವರೆಗೆ ಜೈಲು. ಈ ಎರಡು ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜೈಲು ಬೇಕೆಂದಲ್ಲ. ಸ್ಟಿಯರಿಂಗ್ ಹಿಡಿದ ಕೈ ಕಣ್ಣಿಗೆ ಕಾಣುತ್ತದೆ ಎನ್ನುವುದಷ್ಟೇ ಈ ವ್ಯತ್ಯಾಸಕ್ಕೆ ಕಾರಣವೇ ಎಂದು.

ಪರಿಹಾರದ ಲೆಕ್ಕವೂ ಹೀಗೆಯೇ. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಸತ್ತವರ ಆದಾಯದಲ್ಲಿ ಅವರ ಸ್ವಂತ ಖರ್ಚು ಕಳೆದು, ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಇಪ್ಪತ್ತೆಂಟು ವರ್ಷದವನಿಗೆ 17, ಮೂವತ್ತಮೂರಕ್ಕೆ 16. ಸಂತೆ ವ್ಯಾಪಾರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಹಾಗಾಗಿ ಅವನ ದುಡಿಮೆಯನ್ನು ಅಂದಾಜಿನಲ್ಲಿ ನಿಗದಿ ಮಾಡುತ್ತಾರೆ. ಅದಕ್ಕೂ ಮೊದಲು ಲಾರಿಯಲ್ಲಿದ್ದ ಮಾಲು ಅವನದೇ ಎಂದು ತೋರಿಸಬೇಕು. ಹಿಂದಿನ ದಿನ ರೈತನ ಹತ್ತಿರ ರೊಕ್ಕ ಕೊಟ್ಟು ಬಾಯಿಮಾತಿನಲ್ಲಿ ಕೊಂಡ ನಾಲ್ಕು ಮೂಟೆಗೆ ಯಾವ ರಸೀದಿ? ಮಾರುಕಟ್ಟೆಯ ಚೀಟಿಯೊಂದು ಇದ್ದರೂ ಅದು ಅವನ ಅಂಗಿಯ ಜೇಬಿನಲ್ಲೇ ಇದ್ದಿರುತ್ತದೆ.